‘ಹೊರಟೆವು’ ಎಂದ ಮನೆಗಳು

ಕುರುಸೆ, ಕೋಚಿ ಪ್ರಾಂತ
ಗುರುವಾರ, ಜುಲೈ ೧೦, ೨೦೦೮

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಚಿಸಾತೊಳ ನಮಸ್ಕಾರ.

ಸೊಂಟ ಹೇಗಿದೆ? ಕಂಬಿ ಹಿಡಿದು ನಡೆಯುವುದು ಶುರುವಾಗಿದೆ ಎಂದು ನರ್ಸ್ ಹೇಳಿದರು. ಗಂಜಿ ಸಪ್ಪೆಯೆಂದು ಬಟ್ಟಲನ್ನು ಪಕ್ಕಕ್ಕೆ ತಳ್ಳುತ್ತೀರೆಂಬ ದೂರನ್ನೂ ಸೇರಿಸಿದರು. ತಿನ್ನಿ ಅತ್ತೆ. ಮೂಳೆ ಕೂಡಬೇಕಾದರೆ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ. ರಾತ್ರಿ ನಿದ್ದೆ ಬರುತ್ತದೆಯೇ? ಪಕ್ಕದ ಹಾಸಿಗೆಯ ಗೊರಕೆಯಮ್ಮ ಮನೆಗೆ ಹೋದರೇ?

ನಿಮ್ಮ ವಾರ್ಡಿನ ಟಿವಿಯಲ್ಲಿ ನಮ್ಮೂರಿನ ಹೆಸರು ಬಂದಿರಬಹುದು. ಹೆಲಿಕಾಪ್ಟರಿನಿಂದ ತೆಗೆದ ಆ ಚಿತ್ರದಲ್ಲಿ ಯಾವುದು ರಸ್ತೆ, ಯಾವುದು ಹಳ್ಳ ಎಂದು ನಮಗೇ ತಿಳಿಯುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಮೊದಲೇ ಹೇಳಿಬಿಡುತ್ತೇನೆ, ಊರಿನಲ್ಲಿ ಯಾರ ಜೀವಕ್ಕೂ ಏನೂ ಆಗಿಲ್ಲ. ನಿಮ್ಮ ಮಗ ಶಿಗೆಹಾರು ಚೆನ್ನಾಗಿದ್ದಾರೆ. ಮಾವನೂ ಚೆನ್ನಾಗಿದ್ದಾರೆ, ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾರೆ. ಕೂತಲ್ಲಿ ಕೂರಲಾಗದವಳು ನಾನೊಬ್ಬಳೇ. ಹೆಲಿಕಾಪ್ಟರ್ ಸದ್ದು ಬಂದರೆ ಎದ್ದು ಕಿಟಕಿಗೆ ಹೋಗುತ್ತೇನೆ. ಸದ್ದು ನಿಂತರೆ, ಯಾಕೆ ನಿಂತಿತೆಂದು ಮತ್ತೆ ಎದ್ದು ಹೋಗುತ್ತೇನೆ. ಅಕ್ಷರ ಓರೆಕೋರೆಯಾಗಿದ್ದರೆ ಅದಕ್ಕೇ.

ಡಿಜಿಟಲ್ ಟಿವಿಯ ಪರೀಕ್ಷೆ ಶುರುವಾದಾಗ ನೀವಿನ್ನೂ ಇಲ್ಲೇ ಇದ್ದಿರಿ. ಬೆಟ್ಟದ ಮರೆಯ ಊರುಗಳಿಗೆ ಹೊಸ ಪ್ರಸಾರ ಹೇಗೆ ತಲುಪುತ್ತದೆ ಎಂದು ನೋಡಲು ಮನೆಮನೆಗೂ ಟಿವಿಗೆ ಜೋಡಿಸುವ ಪೆಟ್ಟಿಗೆ ಕೊಟ್ಟಾಗ, ಮಾವ ಬೇಡವೆಂದರೂ ಕೇಳದೆ ನಮ್ಮ ಮನೆಗೆ ಹಾಕಿಸಿದವರು ನೀವೇ. ಊರ ಸುದ್ದಿ ಓದಲು ಒಬ್ಬರು ಬೇಕೆಂದಾಗ, “ನಮ್ ಚಿಸಾತೊ ಓದ್ತಾಳೆ, ಊರವರ ಹೆಸರೆಲ್ಲ ಅವಳ ಬಾಯಲ್ಲೇ ಇದೆ” ಎಂದು ನನ್ನನ್ನು ಮುಂದಕ್ಕೆ ನೂಕಿದವರೂ ನೀವೇ. ಮಾವ ಆಗ ಏನೆಂದರು, ನೆನಪಿದೆಯೇ? “ಸೊಸೆ ಮುಖ ಮನೇಲಿ ನೋಡೋದು ಸಾಲ್ದು ಅಂತ ಪೆಟ್ಟಿಗೇಲೂ ನೋಡ್ಬೇಕಾ?”

ನೀವು ಆಸ್ಪತ್ರೆ ಸೇರಿದ ಮೇಲೆ ಇನ್ನೊಂದು ಹೊಸ ಸೌಲಭ್ಯ ಬಂತು. ಅಪಾಯ ಬಂದಾಗ ಟಿವಿಯಲ್ಲೇ ಸೂಚನೆ ಮೂಡುತ್ತದೆ, ಮನೆಯವರು ರಿಮೋಟಿನಿಂದಲೇ ಉತ್ತರ ಕೊಡುತ್ತಾರೆ. ಹಸಿರು ಗುಂಡಿ ಎಂದರೆ ‘ಹೊರಟೆವು’, ಕೆಂಪು ಎಂದರೆ ‘ಮನೆಯಲ್ಲೇ ಇದ್ದೇವೆ’. ಗ್ರಾಮ ಕಚೇರಿಯ ಮಹಡಿಯಲ್ಲಿ ನಾನು ಕ್ಯಾಮೆರಾ ಮುಂದೆ ಕೂರುವ ಜಾಗದ ಪಕ್ಕದಲ್ಲೇ ಊರಿನ ನಕ್ಷೆ, ಅದರಲ್ಲಿ ಮನೆಗೊಂದು ಪುಟ್ಟ ಚೌಕ. ಯಾರು ಏನು ಒತ್ತಿದರೆಂದು ಅಲ್ಲಿ ಕಾಣುತ್ತದೆ. ಪರೀಕ್ಷೆ ನಡೆಸುವ ಉರಾಬೆ ಅವರಿಗೆ ಆ ಚೌಕಗಳೆಂದರೆ ಪ್ರಾಣ. ಜೂನಿನ ಅಭ್ಯಾಸದ ದಿನ ಊರಿಗೆ ಊರೇ ಹಸಿರಾದಾಗ ಅವರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ್ದರು. ಅಂದು ಮಧ್ಯಾಹ್ನ ನಾನು ಮನೆಗೆ ಬಂದು ನೋಡಿದರೆ ಮಾವ ಕಾಲು ಚಾಚಿ ಸೋಮೆನ್ ಶಾವಿಗೆ ತಿನ್ನುತ್ತಿದ್ದರು! ಎಲ್ಲರೂ ಸೇರಬೇಕಾದ ಮೇಲಿನ ಶಾಲೆಗೆ ಹತ್ತಿ ಹೋಗಲಿಲ್ಲವೇ ಎಂದು ಕೇಳಿದೆ. “ಗುಂಡಿ ಒತ್ತಿದೀನಲ್ಲ, ಇನ್ನೇನ್ ಬೇಕು ಅವ್ರಿಗೆ? ಪರೀಕ್ಷೆ ತಾನೆ, ಪಾಸಾದ್ವಿ ಬಿಡು” ಎಂದರು. ಉರಾಬೆಗೆ ಇದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ಖುಷಿಯಾಗಿದ್ದರು.

ಈ ಮಂಗಳವಾರ ಮತ್ತೊಂದು ಅಭ್ಯಾಸವಿತ್ತು. ಹಿಂದಿನ ದಿನದಿಂದ ಸುರಿಯುತ್ತಿದ್ದ ಮಳೆಗೆ ಎದುರಿನ ಬೆಟ್ಟವೇ ಕಾಣುತ್ತಿರಲಿಲ್ಲ. ಮುಂದೂಡೋಣವೇ ಎಂದು ಕೇಳಿದರೆ ಉರಾಬೆ, “ಮಳೇಲೇ ಅಲ್ವಾ ಗೊತ್ತಾಗ್ಬೇಕು, ಚಿತ್ರ ನಿಲ್ಲುತ್ತೋ ಇಲ್ವೋ ಅಂತ” ಎಂದರು. ಪರದೆಯ ತಳದಲ್ಲಿ ‘ಇದು ಪರೀಕ್ಷೆ’ ಎಂಬ ಹಳದಿ ಪಟ್ಟಿ ಹರಿಯಿತು. ಅವರು ಬರೆದುಕೊಟ್ಟದ್ದನ್ನು ನಾನು ಓದಿದೆ. ಟೀ ಆರುವ ಮೊದಲೇ ಊರೆಲ್ಲ ಹಸಿರು.

ಆಗ ಕಾಡುರಸ್ತೆ ಕಾಯಲು ಹೋಗಿದ್ದ ನಿಮ್ಮ ಮಗನ ಫೋನ್ ಬಂತು. ಅವರು ಎಷ್ಟು ನಿಧಾನಿ ಎಂದು ನಿಮಗೆ ಗೊತ್ತು. ಅವತ್ತು ಒಂದೇ ಉಸಿರಿಗೆ, “ಚಿಸಾತೊ, ಹಳ್ಳ ಇಳಿದುಬಿಟ್ಟಿದೆ. ಮಳೆ ಹೀಗೆ ಹುಯ್ತಿದೆ, ಹಳ್ಳದಲ್ಲಿ ಮಾತ್ರ ನೀರಿಲ್ಲ. ಮೇಲೆಲ್ಲೋ ಮಣ್ಣು ಕುಸಿದು ಕಟ್ಕೊಂಡಿದೆ, ಒಡೆದ್ರೆ ಕೆಳಗಿನ ಕೇರಿ ಉಳಿಯಲ್ಲ. ಎಲ್ಲಾರನ್ನೂ ಹೊರಡಿಸು, ಈಗ್ಲೇ!” ಎಂದರು.

ಉರಾಬೆ ನಕ್ಷೆ ತೋರಿಸಿ, “ಎಲ್ಲಾ ಹೊರಟಾಗಿದೆಯಲ್ಲ” ಎಂದರು. ನನಗೆ ಜೂನಿನಲ್ಲಿ ಶಾವಿಗೆ ತಿನ್ನುತ್ತಾ ಕೂತಿದ್ದ ಮಾವ ನೆನಪಾದರು. “ಯಾರೂ ಹೊರಟಿಲ್ಲ, ಎಲ್ಲಾ ಕೂತಿದಾರೆ. ಮೊದ್ಲು ಆ ಹಳದಿ ಪಟ್ಟಿ ತೆಗೀರಿ” ಎಂದೆ. ನಗರದ ಪ್ರಸಾರ ಕಚೇರಿಯ ಒಪ್ಪಿಗೆಯಿಲ್ಲದೆ ಅದು ಹೋಗುವುದಿಲ್ಲವಂತೆ. ಪರೀಕ್ಷೆಯನ್ನು ಯಾರೂ ನಿಜವೆಂದುಕೊಳ್ಳದಿರಲಿ ಎಂದೇ ಹಾಗೆ ಬಿಗಿದಿಟ್ಟಿದ್ದರಂತೆ. ಅವರು ಫೋನ್ ತಿರುಗಿಸಿದರು, ಅತ್ತ ಕಡೆಯವರು ಯಾರನ್ನೋ ಕೇಳಿ ಹೇಳುತ್ತೇವೆಂದರು. ಕಂಬದ ಮೈಕಿನಲ್ಲಿ ಕೂಗಿಸಿದರೂ, ಬಾಗಿಲು ಮುಚ್ಚಿದ ಮನೆಗಳಿಗೆ ಆ ಮಳೆಯಲ್ಲಿ ಏನು ಕೇಳಿಸಬೇಕು? ಒಳಗೆ ಹೋಗುತ್ತಿದ್ದದ್ದು ನನ್ನ ಮುಖವೊಂದೇ, ಅದರ ಕೆಳಗೆ ‘ಇದು ಪರೀಕ್ಷೆ’ ಎಂಬ ಸುಳ್ಳು.

ಕಾಗದ ಪಕ್ಕಕ್ಕಿಟ್ಟೆ. “ಕೆಳಗೆ ಏನ್ ಬರೆದಿದೆಯೋ ಓದ್ಬೇಡಿ, ನನ್ ಮುಖ ನೋಡಿ” ಎಂದೆ. “ಹಳ್ಳ ಕಟ್ಕೊಂಡಿದೆ, ಶಿಗೆಹಾರು ಕಣ್ಣಾರೆ ನೋಡಿದಾರೆ. ಹಸಿರು ಒತ್ತಿ ಮನೇಲೇ ಕೂತಿರೋರು ಕೆಂಪು ಒತ್ತಿ. ನಾನು ಬೈಯಲ್ಲ, ಯಾರೂ ಬೈಯಲ್ಲ. ನಿಜ ಹೇಳಿ ಸಾಕು. ಟೊಮಿಯೆ ಅಜ್ಜೀ, ನೀವು ಉಪ್ಪಿನಕಾಯಿ ಪೀಪಾಯಿ ಬಿಟ್ಟು ಎಲ್ಲಿ ಹೋಗಿರ್ತೀರಿ? ಒತ್ತಿ ಅಜ್ಜಿ.”

ಏನೂ ಆಗಲಿಲ್ಲ. ಕೆಳಗಿನ ಕೋಣೆಯ ಟಿವಿಯಲ್ಲಿ ನನ್ನದೇ ದನಿ, ಡಿಜಿಟಲ್ ಆದ್ದರಿಂದ ಒಂದು ಗುಟುಕು ತಡವಾಗಿ, “ಒತ್ತಿ ಅಜ್ಜಿ” ಎಂದಿತು. ಅಷ್ಟರಲ್ಲಿ ಟೊಮಿಯೆ ಅಜ್ಜಿಯ ಚೌಕ ಕೆಂಪಾಯಿತು. ಅವರ ಪಕ್ಕದ್ದೂ ಕೆಂಪಾಯಿತು. ಆಮೇಲೆ ಕೆಳಗಿನ ಕೇರಿಗೆ ಕೇರಿಯೇ! ಉರಾಬೆ ತಲೆಯ ಮೇಲೆ ಕೈಹೊತ್ತು, “ಅಯ್ಯೋ, ಎಲ್ಲಾರೂ ಮನೇಲೇ ಇದಾರಲ್ರೀ!” ಎಂದರು. ಅದೂ ಊರಿಗೆಲ್ಲ ಕೇಳಿಸಿತು.

ಆಮೇಲೆ ಒಬ್ಬೊಬ್ಬರನ್ನೇ ಕರೆದೆ. ಒಲೆ ಆರಿಸಿ, ಮಾತ್ರೆ ತಗೊಳ್ಳಿ, ಬೆಕ್ಕು ಹುಡುಕ್ಬೇಡಿ ಎಂದೆ. ಟೊಮಿಯೆ ಅಜ್ಜಿಯನ್ನು ಮೇಲಿನ ಕೇರಿಯವರು ಬೆನ್ನ ಮೇಲೆ ಹೊತ್ತು ತಂದರು. ಶಾಲೆಗೆ ಬಂದವರ ಹೆಸರು ಫೋನಿನಲ್ಲಿ ಒಂದೊಂದಾಗಿ ಬರುತ್ತಿತ್ತು. ಅದರಲ್ಲಿ ಮಾವನ ಹೆಸರು ಮಾತ್ರ ಬರಲಿಲ್ಲ. ಕೆಳಗಿನ ಕೇರಿಯೆಲ್ಲ ಕೆಂಪಾದರೂ ಅಲ್ಲಿನ ನಮ್ಮ ಮನೆಯ ಚೌಕವೊಂದು ಮೊದಲಿನಂತೆ ಹಸಿರಾಗಿಯೇ ಇತ್ತು.

ಅತ್ತೆ, ಈಗ ಬರೆಯುವುದನ್ನು ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ. ಯಾರೋ ದಿನಾ ಸಂಜೆ ಫೋನ್ ಮಾಡಿ ಮಾತಾಡದೆ ಇಡುತ್ತಾರೆ, ಪೋಲಿಗಳ ಕಾಟ ಎಂದು ನೀವು ಬೇಸರಪಟ್ಟಿದ್ದಿರಲ್ಲ. ಅದು ಮಾವ. ಅಂಚೆ ಕಚೇರಿ ಮುಂದಿನ ಸಾರ್ವಜನಿಕ ಫೋನಿನ ಹತ್ತಿರ ಅವರನ್ನು ನಾನೇ ನೋಡಿದ್ದೆ. ನೀವು “ಹಲೋ” ಎಂದ ಕೂಡಲೇ ಇಟ್ಟು, ಟೋಪಿ ಸರಿಮಾಡಿಕೊಂಡು ಹೊರಟುಬಿಡುತ್ತಾರೆ. ನೋಡಿಯೂ ನೋಡದ ಹಾಗಿದ್ದೆ. ಅವತ್ತು ಮಾತ್ರ ಊರೆಲ್ಲ ಕೇಳುತ್ತಿರುವಾಗ ಅದನ್ನೇ ಹೇಳಿಬಿಟ್ಟೆ.

“ಮಾವಾ, ನಿಮ್ಮನ್ನೇ. ನನ್ ಕಾರ್ಯಕ್ರಮ ನೋಡಲ್ಲ ಅಂತೀರಿ, ನಾನು ಹೆಸರು ತಪ್ಪು ಓದಿದ ದಿನ ಊಟಕ್ಕೆ ಕೂತಾಗ ತಿದ್ದಿದ್ದು ಯಾರು? ದಿನಾ ಅತ್ತೆಗೆ ಫೋನ್ ಮಾಡಿ ಬರೀ ದನಿ ಕೇಳಿ ಇಡೋದು ಯಾರು? ಆ ದನಿ ಮನೆಗೆ ಬಂದಾಗ ಕೇಳೋಕೆ ನೀವಿರಬೇಡ್ವಾ? ಅವರು ಯಾರ ಜೊತೆ ಜಗಳ ಆಡ್ಬೇಕು? ಏಳಿ ಮೇಲೆ!”

ಚೌಕ ಬದಲಾಗಲಿಲ್ಲ. ಮತ್ತೆ ಕರೆದೆ. ಎಷ್ಟು ಸಲ ಕರೆದೆನೋ, ಗಂಟಲು ಒಡೆದುಹೋಯಿತು. ಉರಾಬೆ ನೀರಿನ ಲೋಟ ತಂದಿಟ್ಟರು, ಅದನ್ನು ಮುಟ್ಟದೆ ಮತ್ತೆ ಕರೆದೆ. ಆಗ ಹಿಂದೆ ಬಾಗಿಲು ದಡಾರೆಂದಿತು. ಮಾವ ಸೊಂಟದವರೆಗೂ ಕೆಸರು ಮೆತ್ತಿಕೊಂಡು, ನಿಮ್ಮ ಹೂವಿನ ಛತ್ರಿ ಹಿಡಿದು ನಿಂತಿದ್ದರು. “ಊರೆಲ್ಲ ಕೇಳೋ ಹಾಗೆ ಮಾನ ಕಳೆದ್ಯಲ್ಲೇ! ಬಾಯ್ ಮುಚ್ಚು, ಬಂದಿದೀನಿ!” ಎಂದು ಕೂಗಿದರು. ಅದೂ ಪ್ರಸಾರವಾಯಿತು. ಶಾಲೆಯ ಟಿವಿಯ ಮುಂದೆ ಕೂತವರು ಹೋ ಎಂದು ನಕ್ಕರಂತೆ.

ಆ ನಗು ಮುಗಿಯುವ ಮೊದಲೇ ಬೆಟ್ಟ ಕೆಮ್ಮಿದಂತೆ ಸದ್ದಾಯಿತು. ಕಿಟಕಿಯ ಗಾಜು ನಡುಗಿತು. ಕೆಳಗಿನ ಕೇರಿಯ ಚೌಕಗಳು ಒಂದೇ ಸಲಕ್ಕೆ ಆರಿದವು. ಹಳೆಯ ಟಿವಿಯ ಚಿತ್ರವಾದರೆ ಹಿಮ ಬಿದ್ದ ಹಾಗೆ ಚುಕ್ಕೆಯಾಗಿ, ಮಸುಕಾಗಿ ಹೋಗುತ್ತಿತ್ತು. ಇದು ಹಾಗಲ್ಲ, ಇತ್ತು, ಇಲ್ಲವಾಯಿತು. ಮಾವ ನಕ್ಷೆಯ ಮುಂದೆ ಬಂದು, ನಮ್ಮ ಚೌಕವಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಗರದಿಂದ ಫೋನ್ ಬಂದದ್ದು ಆಮೇಲೆ. ಪಟ್ಟಿ ತೆಗೆಯಬಹುದಂತೆ!

ಬರೆದುಕೊಟ್ಟದ್ದನ್ನು ಬಿಟ್ಟು ಮನೆಮಾತು ಆಡಿಸಿದ್ದಕ್ಕೆ ಉರಾಬೆ ಮೇಲಿನವರಿಗೆ ಉತ್ತರ ಹೇಳಬೇಕಾಗಿದೆ. “ಹೇಳ್ತೀನಿ ಬಿಡಿ, ನಂಗೂ ಬಾಯಿದೆ” ಎನ್ನುತ್ತಾರೆ. ನಿನ್ನೆ ಅವರು ಕೆಳಗಿನ ಕೇರಿಯ ಕೆಸರಿನಲ್ಲಿ ಒಬ್ಬರೇ ನಿಂತದ್ದನ್ನು ನೋಡಿದೆ. ಚಪ್ಪಾಳೆ ತಟ್ಟಿದ ಆ ದಿನದ ನೆನಪಾಗಿರಬೇಕು. ಪರೀಕ್ಷೆ ಮುಂದುವರಿಯುತ್ತದಂತೆ, ಓದುವವಳು ನಾನೇ ಅಂತೆ. ಹೂಂ ಅಂದಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಸಾಕು, ಒಂದು ಚೌಕ ಹಸಿರಾಗಿ ನಿಲ್ಲುತ್ತದೆ. ಎದ್ದು ಹೋಗಿ ಮಾವ ಮಲಗಿದ್ದಾರೆಯೇ ಎಂದು ನೋಡಿ ಬರುತ್ತೇನೆ. “ಇಲ್ಲೇ ಇದೀನಿ, ಹೋಗ್ ಮಲಗು” ಎನ್ನುತ್ತಾರೆ, ಅವರಿಗೂ ನಿದ್ದೆಯಿಲ್ಲ.

ಟೊಮಿಯೆ ಅಜ್ಜಿ ನಿಮ್ಮನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ನಿಮ್ಮ ಮಗ ಬೆಳಗ್ಗೆಯಿಂದ ಸಂಜೆಯವರೆಗೆ ಮಣ್ಣು ತೋಡುತ್ತಿದ್ದಾರೆ, ಫೋನ್ ಮಾಡಲಿಲ್ಲವೆಂದು ಬೇಸರ ಬೇಡ. ಗಂಜಿ ಪೂರ್ತಿ ಕುಡಿಯಿರಿ. ನೆಲ ಒದ್ದೆಯಿದ್ದಾಗ ನಡೆಯಬೇಡಿ. ನಿಮ್ಮ ಕಾಲು ಬೇಗ ಗಟ್ಟಿಯಾಗಲೆಂದು ನಾವೆಲ್ಲ ದಿನಾ ಕೈಮುಗಿಯುತ್ತೇವೆ.

ಇಂತು ನಿಮ್ಮ ಸೊಸೆ,
ಚಿಸಾತೊ

ಮರೆತ ಮಾತು: ಅಂಚೆಯ ಬಂಡಿ ಕೆಳಗೆ ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಅತ್ತೆ, ನಮ್ಮ ಮನೆ ಹೋಯಿತು. ನಿಮ್ಮ ಕೋಣೆ, ಅಡುಗೆಮನೆ, ಹಿಂದಿನ ಯೂಜು ನಿಂಬೆಯ ತೋಟ, ಏನೂ ಇಲ್ಲ. ನಾವು ಶಾಲೆಯಲ್ಲಿದ್ದೇವೆ. ಮಾವ ಭಾನುವಾರದ ಬಸ್ಸಿಗೆ ನಿಮ್ಮಲ್ಲಿಗೆ ಬರುತ್ತಿದ್ದಾರೆ. ಇದನ್ನು ತಾವೇ ಎದುರು ಕೂತು ಹೇಳಬೇಕಂತೆ, ಬೇರೆ ಯಾರೂ ಬಾಯಿಬಿಡಕೂಡದಂತೆ. ಶಾಲೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಹೇಗೆ ಶುರುಮಾಡಲಿ ಎಂದು ಗೊಣಗಿಕೊಳ್ಳುತ್ತಿದ್ದಾರೆ, ಇನ್ನೂ ಮೊದಲ ಮಾತೇ ಕೂಡಿಬಂದಿಲ್ಲ. ಅವರು ಹೇಳುವಾಗ ದಯವಿಟ್ಟು ಮೊದಲ ಸಲ ಕೇಳುತ್ತಿರುವ ಹಾಗೆ ಇರಿ. ಅಳುವುದಿದ್ದರೆ ಅಷ್ಟರೊಳಗೆ ಅತ್ತು ಮುಗಿಸಿ. ಅವರನ್ನು ಬೈಯುವುದಕ್ಕೆ ಮಾತ್ರ ಸ್ವಲ್ಪ ಉಸಿರು ಉಳಿಸಿಕೊಳ್ಳಿ.