ಗಚ್ಚಿಬೌಲಿಯ ಕಂಪನಿ ಉಳಿಯುತ್ತದೆಯೇ, ಕಮಲಕ್ಕ?

ಅಕ್ಕಾ,

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಎಂದಿನಂತೆ ಟಿವಿ ಹಾಕಿದೆ. ಕೋಟು ತೊಟ್ಟ ಅದೇ ಇಬ್ಬರು ಕೂತಿದ್ದರು. ಮುಂದಿನ ಆರು ತಿಂಗಳು ಮಾರ್ಕೆಟ್ ಏರುತ್ತದೆ ಎಂದು ಒಬ್ಬ, ಇಳಿಯುತ್ತದೆ ಎಂದು ಇನ್ನೊಬ್ಬ. "ಇಬ್ರೂ ಒಬ್ಬನs ಟೇಲರ್ ಕಡೆ ಹೊಲಿಸ್ಯಾರ ನೋಡು" ಎನ್ನುತ್ತಿದ್ದಿರಿ ನೀವು. ಆ ಮಾತು ನೆನಪಾಗಿ ನಗುತ್ತ ಪಕ್ಕಕ್ಕೆ ತಿರುಗಿದೆ. ನೀವು ಕೂರುತ್ತಿದ್ದ ಬೆತ್ತದ ಕುರ್ಚಿಯ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆ ಬಿದ್ದಿತ್ತು. ನೀವು ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಪಕ್ಕಕ್ಕೆ ತಿರುಗುವ ಅಭ್ಯಾಸ ಮಾತ್ರ ಇನ್ನೂ...

ನಾನು ರಾಯಚೂರಿನಿಂದ ಬಂದು ಹೈದರಾಬಾದಿನ ಟ್ರಂಕ್ ಎಕ್ಸ್‌ಚೇಂಜಿಗೆ ಕೆಲಸಕ್ಕೆ ಸೇರಿದ ದಿನ ನಿಮಗೆ ನೆನಪಿದೆಯೇ? ಉದ್ದನೆಯ ಹಾಲ್, ಬೋರ್ಡಿನ ಮುಂದೆ ಸಾಲಾಗಿ ಕೂತು ಊರಿಂದೂರಿಗೆ ಫೋನು ಜೋಡಿಸುವ ಹೆಂಗಸರು, ಎಲ್ಲರ ತಲೆಗೂ ಹೆಡ್‌ಫೋನು. ಬೊಂಬಾಯಿ ಲೈನು ಸಿಗಲಿಲ್ಲವೆಂದು ಯಾರೋ ವ್ಯಾಪಾರಿ ಉರ್ದುವಿನಲ್ಲಿ ಬೈದ. ಇಪ್ಪತ್ತೊಂದರ ನಾನು "ಅಯ್ಯೋ ಯವ್ವಾ" ಎಂದು ಅತ್ತುಬಿಟ್ಟೆ. ಸೂಪರ್‌ವೈಸರ್ ಆಗಿದ್ದ ನೀವು ಹಿಂದಿನಿಂದ ಬಂದು ನನ್ನ ಹೆಡ್‌ಫೋನು ಕಿತ್ತು ನಿಮ್ಮ ಕಿವಿಗಿಟ್ಟುಕೊಂಡಿರಿ. ಆ ವ್ಯಾಪಾರಿಯನ್ನು ಅವನದೇ ಉರ್ದುವಿನಲ್ಲಿ, ಒಂದೂ ಕೆಟ್ಟ ಮಾತಿಲ್ಲದೆ ನಾಚಿಸಿದಿರಿ. ಆಮೇಲೆ ನನ್ನ ಕಡೆ ನೋಡಿ, "ಯವ್ವಾ ಅಂದ್ಯಲ್ಲ, ಯಾ ಊರಾಕಿ ನೀ?" ಎಂದಿರಿ. ನೀವು ಗದಗಿನವರು. ಆವತ್ತಿನಿಂದ ನಾನು ನಿಮಗೆ ವಿಜ್ಜಿ. ಅರವತ್ತು ದಾಟಿದ ಮೇಲೂ ನನ್ನನ್ನು "ಹುಡುಗಿ" ಎಂದು ಕರೆದವರು ಈ ಊರಲ್ಲಿ ನೀವೊಬ್ಬರೇ.

ಜನ ತಾವೇ ನಂಬರು ತಿರುಗಿಸಿ ಬೇರೆ ಊರಿಗೆ ಮಾತಾಡುವ ಸೌಲಭ್ಯ ಬಂದಾಗ ನಮ್ಮ ಹಾಲ್‌ನಲ್ಲಿ ಎಲ್ಲರೂ ನಕ್ಕಿದ್ದೆವು. ಒಂದು ಫೋನಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಇಲಾಖೆಯನ್ನು ಬಿಟ್ಟು ಅವರು ಹೋಗುವುದಾದರೂ ಎಲ್ಲಿಗೆ? ನೀವು ಮಾತ್ರ ನಗಲಿಲ್ಲ. "ಇದು ಉಳಿಯೂದಿಲ್ಲ ವಿಜ್ಜಿ. ಟೈಪಿಂಗ್ ಕಲಿ" ಎಂದಿರಿ. ನಾನು ಕಲಿಯಲಿಲ್ಲ. ವರ್ಷಕ್ಕೆ ಒಂದೊಂದು ಸಾಲು ಖಾಲಿಯಾಗುತ್ತ ಹೋಯಿತು. ಕೊನೆಗೆ ಆ ಹಾಲ್‌ನಲ್ಲಿ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳಿಸತೊಡಗಿದಾಗ, ನನ್ನನ್ನು ಲೆಕ್ಕಪತ್ರದ ವಿಭಾಗಕ್ಕೆ ಹಾಕಿಸಲು ನೀವು ಎಷ್ಟು ಮೇಜು ಸುತ್ತಿದಿರಿ! ನಿಮ್ಮ ಬದುಕಿನಲ್ಲಿ ಆಗಲೇ ಏನೇನೆಲ್ಲ ಆಗಿ ಹೋಗಿತ್ತು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡರು, ಅವರ ಹಿಂದೆಯೇ ಎರಡು ವರ್ಷಕ್ಕೆ ಮಗಳು. ಆ ವಿಷಯ ನೀವು ನನಗೆ ಹೇಳಿದ್ದು ಒಂದೇ ಒಂದು ಸಲ.

ನಿವೃತ್ತಿಯಾದ ಮೇಲೆ ಮಲ್ಕಾಜ್‌ಗಿರಿಯಲ್ಲಿ ನಿಮ್ಮ ಮನೆಯಿಂದ ಎರಡು ಬೀದಿ ಆಚೆ ನಾನೂ ಸಣ್ಣ ಫ್ಲಾಟು ಹಿಡಿದೆ. ನಾನು ಮದುವೆಯಾದವಳಲ್ಲ, ನಿಮಗೆ ಈ ಊರಲ್ಲಿ ಯಾರೂ ಉಳಿದಿರಲಿಲ್ಲ. ಶೇರಿನ ಹುಚ್ಚು ಹಚ್ಚಿದ್ದು ನೀವೇ ಅಲ್ಲವೇ? "ಬರೇ ಪಿಂಚಣಿ, ಗುಡಿ, ಮಂಡಿನೋವು ಇಷ್ಟs ಮಾತಾಡಿಕೋತ ಕೂಡೂದಾದ್ರ ನಾ ಸತ್ತs ಹೋಗ್ತೀನಿ" ಎಂದು ಬೇಗಂಪೇಟೆಯ ಒಂದು ಬ್ರೋಕರ್ ಆಫೀಸಿಗೆ ನನ್ನನ್ನೂ ಎಳೆದುಕೊಂಡು ಹೋದಿರಿ. ನಾವು ಫೋನಿನಲ್ಲಿ ಹೇಳಿದರೆ ಅಲ್ಲಿಯ ಲಾವಣ್ಯ ಕೊಳ್ಳುವುದು, ಮಾರುವುದು ಮಾಡಿಕೊಡುತ್ತಿದ್ದಳು. ನೀವು ಒಂದು ನಿಯಮ ಇಟ್ಟಿರಿ: ಏನೇ ಕೊಂಡರೂ ಯಾಕೆಂದು ಒಂದೇ ಮಾತಿನಲ್ಲಿ ಲಾವಣ್ಯಳಿಗೆ ಹೇಳಬೇಕು. ಹೇಳಲಾಗದಿದ್ದರೆ ಕೊಳ್ಳುವಂತಿಲ್ಲ. "ಸಾಬೂನು ಎಲ್ಲಾರಿಗೂ ಬೇಕು" ಎಂದು ನೀವು, "ಹೆಸರು ಚಲೋ ಐತಿ" ಎಂದು ನಾನು. ಆ ಹುಡುಗಿ ತೆಲುಗಿನವಳಾದರೂ ನಿಮ್ಮಿಂದ ಅರ್ಧ ಕನ್ನಡ ಕಲಿತಳು.

ಗಚ್ಚಿಬೌಲಿಯ ಕಂಪನಿಯ ವಿಷಯಕ್ಕೆ ನಮ್ಮಿಬ್ಬರ ವಾದ ಶುರುವಾದ ಬೆಳಿಗ್ಗೆ ನಾನು ಚುರುಮುರಿಗೆ ಒಗ್ಗರಣೆ ಹಾಕುತ್ತಿದ್ದೆ. ಟಿವಿಯಲ್ಲಿ ಅದನ್ನು ದೇಶದ ಹೆಮ್ಮೆ ಎಂದು ತೋರಿಸುತ್ತಿದ್ದರು. ನನ್ನ ಹಣದ ದೊಡ್ಡ ಪಾಲು ಅದರಲ್ಲೇ ಇತ್ತು. "ಜಗತ್ತಿನ ಬ್ಯಾಂಕೆಲ್ಲಾ ಇವರ ಸಾಫ್ಟ್‌ವೇರ್ ಮ್ಯಾಲ ನಡಿತಾವಂತ ಅಕ್ಕಾ, ಇದು ಎಲ್ಲಿಗೆ ಹೋಗ್ತೈತಿ?" ಎಂದೆ. ನೀವು ಚಹಾ ಕೆಳಗಿಟ್ಟಿರಿ. "ಗಿರಾಕಿಗೆ ಬ್ಯಾರೆ ದಾರಿ ಇಲ್ಲಂತ ಬರ್ತಾನೋ, ದಾರಿ ಇದ್ರೂ ಬರ್ತಾನೋ? ಅದನ್ನಷ್ಟ ನೋಡು. ನಮ್ಮ ಕಡೆ ದಾರಿ ಇಲ್ಲಂತ ಬರ್ತಿದ್ರು. ದಾರಿ ಸಿಕ್ತು, ಹೋದ್ರು. ಈಗ ಆ ಎಐ ಬಂದೈತಲ್ಲ, ಅದೂ ಒಂದು ದಾರಿನs." ನನಗೆ ಸಿಟ್ಟು ಬಂತು. ಅದು ವಾದದ ಮೇಲಿನ ಸಿಟ್ಟೋ, ನಿಮ್ಮ ಮಾತು ಯಾವಾಗಲೂ ಸರಿಯಾಗುತ್ತದಲ್ಲ ಎಂಬ ಸಿಟ್ಟೋ?

ಅದೇ ವಾರ ನೀವು ನನ್ನನ್ನು ಕ್ಯಾಬಿನಲ್ಲಿ ಕೂರಿಸಿಕೊಂಡು ಗಚ್ಚಿಬೌಲಿಗೆ ಹೊರಟಿರಲ್ಲ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. "ಟಿವಿಯವ್ರು ಹೇಳೂದು ಸಾಕು, ಕಣ್ಣಿಲೆ ನೋಡೂಣು ನಡಿ." ಕಂಪನಿಯ ಗೇಟಿನೆದುರಿನ ಚಹಾದಂಗಡಿಯಲ್ಲಿ ಎರಡು ತಾಸು ಕೂತೆವು. ಎಂಥಾ ಕಟ್ಟಡ, ಎಷ್ಟು ಗಾಜು! ಒಳಗೆ ಕಾರಂಜಿ, ಹುಲ್ಲುಹಾಸು. ಸೆಕ್ಯೂರಿಟಿಯವನು ಬಂದು ಯಾರು ಬೇಕೆಂದು ಕೇಳಿದ. "ನಾವು ಮಾಲಕರು" ಎಂದು ನೀವು ಹಿಂದಿಯಲ್ಲಿ ಹೇಳಿದಿರಿ. ಅವನು ಗೊಂದಲಗೊಂಡು ಸಲಾಮು ಹೊಡೆದು ಹೋದ. ನೀವು ಗಾಜನ್ನು ನೋಡಲೇ ಇಲ್ಲ. ಚಹಾದ ಹೆಂಗಸಿನ ಜೊತೆ ತೆಲುಗಿನಲ್ಲಿ ಮಾತಿಗೆ ಕೂತಿರಿ. ಮೊದಲು ಪ್ರತಿ ಮಳೆಗಾಲ ಬಸ್ಸುಗಟ್ಟಲೆ ಹೊಸ ಹುಡುಗ ಹುಡುಗಿಯರು ಬಂದಿಳಿಯುತ್ತಿದ್ದರೆಂದೂ, ಎರಡು ವರ್ಷದಿಂದ ಹೊಸ ಮುಖವೇ ಕಾಣುತ್ತಿಲ್ಲವೆಂದೂ ಆಕೆ ಹೇಳಿದಳು. ವಾಪಸು ಬರುವಾಗ ಫ್ಲೈಓವರಿನ ಮೇಲೆ ಗಾಡಿಗಳ ನಡುವೆ ನಿಂತಿದ್ದೆವು. ನೀವು ಕಿಟಕಿಯಾಚೆ ನೋಡುತ್ತ, "ಅರ್ಧ ಮಾರು ವಿಜ್ಜಿ" ಎಂದಿರಿ. "ನಾಳೆ ಮುಳುಗತೈತಿ ಅಂತಲ್ಲ. ಆದ್ರ ಹೊಸಬರು ಬರೂದು ನಿಂತ ಮನಿ ಹೆಂಗಿರತೈತಿ ಅನ್ನೂದು ನಾವು ನೋಡೀವಿ."

ಮರುದಿನ ಬೆಳಿಗ್ಗೆ ನೀವು ಮತ್ತೆ ಅದೇ ಮಾತು ತೆಗೆದಿರಿ. ಅಕ್ಕಾ, ಈ ಪತ್ರದಲ್ಲಿ ಇದೊಂದನ್ನು ಬರೆಯಲು ಎಷ್ಟು ದಿನದಿಂದ... ಬರೆಯುತ್ತೇನೆ. ನಾನು ಅಂದದ್ದು ಇಷ್ಟು: "ನಿಮಗ ಯಾವುದೂ ಉಳಿಯೂದು ಬ್ಯಾಡಾಗೈತಿ. ನಿಮ್ಮ ಮನ್ಯಾಗ ಯಾರೂ ಉಳೀಲಿಲ್ಲಲ್ಲ, ಅದಕ್ಕ." ಟಿವಿಯವರು ಮಾತಾಡುತ್ತಲೇ ಇದ್ದರು. ನೀವು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಿರಿ. "ಚಾ ಆರಿತು" ಎಂದಿರಿ, ಅಷ್ಟೇ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿದದ್ದು ಬಾಗಿಲಿನಿಂದ ಕಾಣಿಸಿತು. ಕೈ ಹಿಡಿಯಲು ನಾನು ಬರಲಿಲ್ಲ.

ಹನ್ನೆರಡು ದಿನ ನಾನೂ ಬರಲಿಲ್ಲ, ನೀವೂ ಬರಲಿಲ್ಲ. ಹದಿಮೂರನೆಯ ದಿನ ಹತ್ತೂವರೆಗೆ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಫೋನು ಬಾರಿಸಿತು. ನಿಮ್ಮ ಹೆಸರು. ಬೋರ್ಡಿನ ಮುಂದೆ ಕೂತಷ್ಟು ವರ್ಷ ಒಂದು ಕರೆಯನ್ನೂ ಬಿಡದವಳು ನಾನು. ಕೈ ಒರೆಸಿಕೊಂಡೆ, ಫೋನಿನ ಎದುರು ನಿಂತೆ, ಅದು ಬಾರಿಸಿ ಬಾರಿಸಿ ನಿಲ್ಲುವತನಕ ನೋಡಿದೆ. ಇನ್ನೊಮ್ಮೆ ಮಾಡಲಿ, ಆಗ ಎತ್ತುತ್ತೇನೆ ಎಂದುಕೊಂಡೆ. ನೀವು ಇನ್ನೊಮ್ಮೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಿಮ್ಮ ಕೆಳಗಿನ ಮನೆಯ ಪದ್ಮ ಓಡಿಬಂದರು. ಹಾಲಿನ ಪಾಕೀಟು ಬಾಗಿಲಿಗೇ ತೂಗುತ್ತಿದೆ, ಕರೆದರೆ ಓಗೊಡುತ್ತಿಲ್ಲ ಎಂದರು. ಬಾಗಿಲು ತೆಗೆಸಿದಾಗ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಏನು ಹೇಳಲಿಕ್ಕೆ ಫೋನು ಮಾಡಿದ್ದಿರಿ? ಬೈಯಲಿಕ್ಕೋ? ಆರಾಮ ಇಲ್ಲ, ಬಾ ಎನ್ನಲಿಕ್ಕೋ? ಎರಡು ತಿಂಗಳು ಇದನ್ನೇ ಕೇಳಿಕೊಂಡು ಓಡಾಡಿದೆ. ಪೇಟೆಗೆ ಹೋಗಿ ಬೇಕಾದ್ದನ್ನು ಮರೆತು ಬರಿಗೈಯಲ್ಲಿ ಬರುತ್ತಿದ್ದೆ.

ಉತ್ತರ ಸಿಕ್ಕಿದ್ದು ಬೇಗಂಪೇಟೆಯಲ್ಲಿ. ನಿಮ್ಮ ತಮ್ಮನ ಮಗ ಗದಗಿನಿಂದ ಬಂದಿದ್ದ. ನಿಮ್ಮ ಖಾತೆಯನ್ನು ಅವನ ಹೆಸರಿಗೆ ಮಾಡಿಸಬೇಕಿತ್ತು. ಅವನಿಗೆ ಊರು ಗೊತ್ತಿಲ್ಲವೆಂದು ನಾನು ಜೊತೆಗೆ ಹೋದೆ. ಲಾವಣ್ಯ ನಿಮ್ಮ ಶೇರುಗಳ ಪಟ್ಟಿ ತೆಗೆದು ಅವನ ಮುಂದಿಟ್ಟಳು. ಸಾಬೂನು, ಸಿಮೆಂಟು, ಬ್ಯಾಂಕು. ಕೊನೆಯ ಸಾಲಿನಲ್ಲಿ ಗಚ್ಚಿಬೌಲಿಯ ಕಂಪನಿ, ಹತ್ತು ಶೇರು. ತಪ್ಪಿರಬೇಕು ಎಂದೆ. "ಇಲ್ಲ ಮೇಡಂ, ಅವರು ಹೋಗೋ ಹಿಂದಿನ ದಿನ ಫೋನ್ ಮಾಡಿ ತಗೊಂಡ್ರು" ಎಂದಳು. "ಮೇಡಂ, ನೀವೇ ಬೇಡ ಅಂತಿದ್ರಿ, ಈಗ ಒಂದೇ ಮಾತಲ್ಲಿ ಯಾಕೆ ಹೇಳಿ ಅಂತ ನಾನು ನಕ್ಕೆ. ಅದಕ್ಕೆ ಅವರು ಹೇಳಿದ್ರು, 'ಹಮಾರಿ ಬಚ್ಚಿ ಉಸ್ಮೆ ಅಕೇಲಿ ಹೈ' ಅಂತ." ನಮ್ಮ ಹುಡುಗಿ ಅದರಾಗ ಒಬ್ಬಾಕೆನs ಅದಾಳ. ಎಷ್ಟು ಹೊತ್ತಿಗೆ ಕೊಂಡದ್ದೆಂದು ಕೇಳಿದೆ. ಹತ್ತೂಕಾಲು. ನನಗೆ ಫೋನು ಬಂದದ್ದು ಹತ್ತೂವರೆಗೆ. ನಿಮ್ಮ ತಮ್ಮನ ಮಗ ಗಾಬರಿಯಾಗಿ ನೀರು ತರಲು ಎದ್ದ. ಲಾವಣ್ಯ ನನ್ನ ಪಕ್ಕಕ್ಕೆ ಬಂದು ಕೂತಳು. ಅಲ್ಲಿ ಅತ್ತಷ್ಟು ನಿಮ್ಮ ಮಣ್ಣಿನ ದಿನವೂ ನಾನು ಅತ್ತಿರಲಿಲ್ಲ.

ಆಮೇಲೆ ಏನಾಯಿತು ಎಂದು ನಿಮಗೆ ಹೇಳಬೇಕಲ್ಲ. ನಿಮ್ಮ ಮಾತೇ ಆಯಿತು, ಪೂರ್ತಿಯಲ್ಲ. ಎಐ ಸುದ್ದಿ ಜೋರಾದ ವಾರ ಆ ಶೇರು ದಿನಾ ಬಿತ್ತು. ಹತ್ತು ಜನರ ಕೆಲಸವನ್ನು ಯಂತ್ರ ಒಂದೇ ಮಾಡುವುದಾದರೆ ಇವರಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಟಿವಿಯಲ್ಲಿ ಕೂಗಾಡಿದರು. ಮುಂದೆ ಸ್ವಲ್ಪ ಏರಿತು. ಎಐ ಅನ್ನೇ ಮಾರುವವರು ಇವರಾಗುತ್ತಾರೆ ಎಂದು ಅದೇ ಜನ ಹೇಳಿದರು. ಉಳಿಯುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಿದ್ದ ದಿನ ನಷ್ಟಕ್ಕಿಂತ ಹೆಚ್ಚು ಕಾಡಿದ್ದು, "ನೋಡಿದ್ಯಾ ಹುಡುಗಿ?" ಎಂದು ಹಂಗಿಸಲು ಯಾರೂ ಇರಲಿಲ್ಲವಲ್ಲ ಎಂಬುದು. ಏರಿದ ದಿನವೂ ಹಾಗೆಯೇ. ಮನೆಯಲ್ಲಿ ಕನ್ನಡದಲ್ಲಿ ಒಂದು ಮಾತೂ ಆಡದೆ ಎಷ್ಟೋ ವಾರ ಕಳೆಯುತ್ತವೆ, ಅಕ್ಕಾ. ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ. ಒಮ್ಮೊಮ್ಮೆ ಹಾಲು ಉಕ್ಕಿದಾಗ "ಅಯ್ಯೋ ಯವ್ವಾ" ಎನ್ನುತ್ತೇನೆ, ನನ್ನ ದನಿಗೆ ನಾನೇ ಬೆಚ್ಚುತ್ತೇನೆ.

ಹೋದ ವಾರ ಆ ಕಂಪನಿಯ ಶೇರುದಾರರ ವಾರ್ಷಿಕ ಸಭೆ ನಡೆಯಿತು. ಈಗ ಅದೆಲ್ಲ ಕಂಪ್ಯೂಟರಿನಲ್ಲೇ. ಮುಂಚೆ ಹೆಸರು ಕೊಟ್ಟವರಿಗೆ ಮಾತಾಡಲು ಮೂರು ನಿಮಿಷ. ನಾನು ಹೆಸರು ಕೊಟ್ಟಿದ್ದೆ. ನಂಬುತ್ತೀರಾ? ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕೂತೆ. ನನಗಿಂತ ಮುಂಚೆ ಮಾತಾಡಿದವರೆಲ್ಲ ಚೇರ್ಮನ್ನರನ್ನು ಹೊಗಳಿದರು, ಡಿವಿಡೆಂಡು ಹೆಚ್ಚಿಸಿ ಎಂದರು. ನನ್ನ ಹೆಸರು ಕರೆದರು. ಹಿಂದಿಯಲ್ಲಿ ಹೇಳಿದೆ: "ಸರ್, ನಾನು ಟ್ರಂಕ್ ಎಕ್ಸ್‌ಚೇಂಜಿನಲ್ಲಿದ್ದವಳು. ನಮ್ಮನ್ನು ಬಿಟ್ಟು ಈ ದೇಶ ಮಾತೇ ಆಡಲಾರದು ಎಂದುಕೊಂಡಿದ್ದೆವು. ಇದು ಉಳಿಯುವುದಿಲ್ಲ ಎಂದು ನಮ್ಮಲ್ಲಿ ಒಬ್ಬರು ಮಾತ್ರ ಹೇಳುತ್ತಿದ್ದರು. ನಿಮ್ಮ ಕಂಪನಿಯಲ್ಲಿ ನಿಮ್ಮೆದುರಿಗೇ ಹಾಗೆ ಹೇಳುವವರು ಯಾರಾದರೂ ಇದ್ದಾರೆಯೇ?"

ಎಲ್ಲರಿಗೂ ಕೊನೆಯಲ್ಲಿ ಒಟ್ಟಿಗೆ ಉತ್ತರ ಕೊಡುತ್ತೇವೆಂದು ಮೊದಲೇ ಹೇಳಿದ್ದರು. ಆದರೂ ಆ ಚೇರ್ಮನ್, ನನ್ನದೇ ವಯಸ್ಸಿನವನು, ಮುಂದಿದ್ದ ಕಾಗದ ಬದಿಗೆ ಸರಿಸಿದ. ಆಮೇಲೆ, "ಒಬ್ಬರಿದ್ದರು ಮೇಡಂ. ಹೋದ ವರ್ಷ ನಿವೃತ್ತರಾದರು" ಎಂದ. ಮುಂದಿನವರ ಹೆಸರು ಕರೆದರು. ಅವರಿಗೊಂದು ಫೋನು ಮಾಡಿ ಸರ್, ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಮೈಕು ಬಂದ್ ಮಾಡಿದ್ದರು.

ಮರುದಿನ ಬೆಳಿಗ್ಗೆ ಲಾವಣ್ಯಳಿಗೆ ಹೇಳಿ ಅರ್ಧ ಮಾರಿಸಿದೆ. ತಡವಾಯಿತು, ಬೆಲೆಯೂ ಅಂದಿನದಲ್ಲ. ಉಳಿದರ್ಧ ಏನು ಮಾಡಲಿ ಎಂದು ಆಕೆ ಕೇಳಿದಳು. ಇರಲಿ ಎಂದೆ. ಆಗ ಆಕೆ, ಇದು ತನ್ನ ಕೈಯಿಂದ ಆಗುವ ನನ್ನ ಕೊನೆಯ ವ್ಯವಹಾರ ಎಂದಳು. ಬೇಗಂಪೇಟೆಯ ಆಫೀಸನ್ನು ಈ ತಿಂಗಳು ಮುಚ್ಚುತ್ತಾರಂತೆ. ಯಾರೂ ಫೋನು ಮಾಡುವುದಿಲ್ಲವಂತೆ, ಎಲ್ಲರೂ ಮೊಬೈಲಿನಲ್ಲಿ ತಾವೇ ಒತ್ತಿಕೊಳ್ಳುತ್ತಾರಂತೆ. ಹೋಗುವ ಮುಂಚೆ ಒಂದು ಭಾನುವಾರ ಮಲ್ಕಾಜ್‌ಗಿರಿಗೆ ಬಂದು ನನಗೂ ಅದನ್ನು ಕಲಿಸಿಕೊಡುತ್ತಾಳಂತೆ. ಬೇಡ ಎನ್ನಬೇಕೆಂದಿದ್ದೆ, ಬಾ ಎಂದೆ. ಕಲಿಯುತ್ತೇನೆ, ಅಕ್ಕಾ.

ನಿಮ್ಮ
ವಿಜ್ಜಿ