ಹುಲುಗಮ್ಮನ ತಾರಸಿಗೆ ನೀರು

ಏಪ್ರಿಲ್ 18, ಬೆಳಿಗ್ಗೆ 5
ಬುಕ್ಕಸಾಗರ. ತಂಪಾಗಿರಲೆಂದು ಜಲ್ಲಿ ರಾಶಿಗೆ ಮತ್ತೆ ನೀರು ಹೊಡೆಸಿದೆ. ಸೆಂಟ್ರಿಂಗ್ ಶೀಟಿಗೂ. ಬಿಸಿಲೇರುವುದರೊಳಗೆ ಹುಲುಗಮ್ಮನ ಮನೆಯ ತಾರಸಿ ಸ್ಲ್ಯಾಬ್ ಮುಗಿಯಬೇಕು. ನಾನೊಬ್ಬಳೇ ನಿಂತು ಹಾಕಿಸುವ ಮೊದಲ ಸ್ಲ್ಯಾಬ್! ನಮ್ಮ ಕಂಟ್ರಾಕ್ಟರ್ ಜಂಬುನಾಥ್ ಸರ್ ನಿನ್ನೆ ಅಂದರು: "ಬಿರುಕಿಲ್ದಂಗ ಬಂತಂದ್ರ ಕಂಪ್ಲಿ ಸ್ಕೂಲ್ ಬಿಲ್ಡಿಂಗ್ ನಿಂದೇ ನೋಡವ್ವ." ಇನ್ನು ನಿದ್ದೆ ಎಲ್ಲಿಂದ ಬರಬೇಕು.

ಅದೇ ದಿನ, ಸಂಜೆ
ಬಿಸಿಲು ಚುರುಕಾಗುವ ಮೊದಲೇ ಮುಗಿಯಿತು. ಮೇಸ್ತ್ರಿ ಹುಲಿಗೇಶ್ ಮಿಕ್ಸರ್‌ಗೆ ಇನ್ನೊಂದು ಕೊಡ ನೀರು ಸುರಿಯಲು ಹೊರಟಿದ್ದ — ಕಾಂಕ್ರೀಟ್ ಎಳೆಯಲು ಸಲೀಸಂತೆ! ಚೆನ್ನಾಗಿ ಬೈದೆ. ಹುಲುಗಮ್ಮ ಎಲ್ಲರಿಗೂ ಹೋಳಿಗೆ ಬಡಿಸಿದರು. ತೇವ ಆರದಂತೆ ಸ್ಲ್ಯಾಬ್ ಮುಚ್ಚಲು ಗೋಣಿಚೀಲ ಸಾಲಲಿಲ್ಲ. ಅವರದೇ ಬಣವೆಯಿಂದ ಭತ್ತದ ಹುಲ್ಲು ತಂದು ಹಾಸಿಸಿದೆ.

ಏಪ್ರಿಲ್ 20
ಹುಲ್ಲು ಒಣಗಿ ಗರಿಗರಿ. ಹುಲುಗಮ್ಮ ನೀರು ಹಾಕುವುದೇ ಇಲ್ಲ.
"ಕಲ್ಲಿಗೆ ಯಾರರ ನೀರು ಉಣಸ್ತಾರೇನು? ನನಗ ಗದ್ದಿ ಕೆಲ್ಸ ಐತಿ."
"ಇನ್ನಾ ಕಲ್ಲಾಗಿಲ್ರಿ ಅಮ್ಮಾ. ಈ ಬಿಸಿಲಿಗೆ ಹಸಿ ಆರಿದ್ರ ಬಿರುಕು ಬಿಡ್ತೈತಿ."
ನಕ್ಕರು. ನಾನೇ ಪೈಪ್ ಹಿಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ... ಮುಖ ಸುಟ್ಟ ಬದನೆಕಾಯಿ.

ಏಪ್ರಿಲ್ 21
ಹೋಗಿ ಹೋಗಿ ಇವತ್ತೇ ಯಶವಂತನಗರದ ಸೈಟಿಗೆ ಒಂದು ವಾರ ಹೋಗು ಅಂದರು ಸರ್. ನೀರು ಹಾಕಿರೆಂದು ಹುಲುಗಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಆತು, ಹೋಗವಾ" ಅಂದರು. ಆ ಧ್ವನಿಯಲ್ಲೇ ಗೊತ್ತಾಯಿತು, ಹಾಕುವುದಿಲ್ಲ. ಕಂಪ್ಲಿ ಕೈತಪ್ಪಿತು. ಆ ಮನೆ ಸೋರಿದರೆ ಶಾಪವೂ ನನಗೇ.

ಏಪ್ರಿಲ್ 27
ಬಸ್ ಇಳಿದವಳೇ ಓಡಿದೆ. ಏಣಿ ಹತ್ತಿ ನೋಡಿದರೆ — ತಾರಸಿ ತುಂಬ ಹಸಿರು! ಹುಲ್ಲಿನಲ್ಲಿ ಉಳಿದಿದ್ದ ಕಾಳೆಲ್ಲ ಮೊಳೆತಿವೆ. ನಡುವೆ ಸೀರೆ ಎತ್ತಿ ಕಟ್ಟಿಕೊಂಡು, ಪೈಪ್ ಹಿಡಿದು ಹುಲುಗಮ್ಮ.
"ನೀ ಹೋದ ಮರುದಿನಾನ ಮೊಳಕಿ ಬಂದ್ವು ತಂಗಿ. ಕಣ್ಮುಂದ ಹೆಂಗ ಒಣಗಿಸಲಿ? ಮಧ್ಯಾಹ್ನ ಭಾಳ ಬಾಡ್ತಾವು ಅಂತ ಉಣ್ಣಾದು ಬಿಟ್ಟು ಬರ್ತೀನಿ."
ಅಪ್ಪಿಕೊಂಡೆ. ಇಬ್ಬರೂ ತೊಯ್ದು ತೊಪ್ಪೆ.

ಮೇ 4
ಸ್ಲ್ಯಾಬಿನಡಿಯ ಸೆಂಟ್ರಿಂಗ್ ಬಿಚ್ಚಿಸಿದೆವು. ಸರ್ ಕೆಳಗಿನಿಂದ ನೋಡಿದರು. ಮೇಲೆ ಹತ್ತಿ ಅಲ್ಲಲ್ಲಿ ಹುಲ್ಲು ಸರಿಸಿ ನೋಡಿದರು. ಒಂದು ಗೆರೆಯೂ ಇಲ್ಲ. "ಮಸ್ತ್ ಬಂದೈತಿ. ನಾಳಿದ್ದು ಕಂಪ್ಲಿಗೆ ನಡಿ." ಇಷ್ಟು ಖುಷಿ ಡಿಪ್ಲೊಮಾ ಪಾಸಾದಾಗಲೂ ಆಗಿರಲಿಲ್ಲ.
"ಇನ್ನ ನೀರು ಸಾಕು, ಹುಲ್ಲು ತೆಗಿಸಿಬಿಡು" ಅಂದು ಸರ್ ಹೊರಟರು. ಹೇಳಲು ಮೇಲೆ ಹೋದೆ. ಹುಲುಗಮ್ಮ ಭತ್ತದ ಸಸಿಗಳ ನಡುವೆ ಬಗ್ಗಿ ಕಳೆ ಕೀಳುತ್ತಿದ್ದಾರೆ.
"ತುಳೀಬ್ಯಾಡ ತಂಗಿ, ಅಂಚಿಗೆ ನಿಂದ್ರು."
ಅಂಚಿಗೆ ನಿಂತೆ. ಹುಲ್ಲು ತೆಗೆಯುವ ಮಾತು ನಾಳೆ ಬೆಳಿಗ್ಗೆ ಹೇಳಿದರಾಯಿತು. ಇಲ್ಲವೇ ಸರ್ ಕೈಲೇ ಹೇಳಿಸಿದರೆ...