ಬೇಗ ಮಾಗಿದ್ದು

ಲೈಡನ್
9 ನವೆಂಬರ್ 1983

ಮುದ್ದು ಫೆನ್ನಾ,

ನಿನಗೂ ಅಳಿಯನಿಗೂ ಅಮ್ಮನ ನೆನಪುಗಳು. ಜೂನಿನಲ್ಲಿ ನೀನು ಮನೆಗೆ ಬಂದುಹೋದ ಮೇಲೆ ಐದು ತಿಂಗಳು ಕಾಗದ ಬರೆಯದೆ ಕೂತೆ, ಕ್ಷಮಿಸು. ಬರೆಯಲು ಹೋದಾಗಲೆಲ್ಲ ಕೈ ಮೊಂಡು ಹಿಡಿಯುತ್ತಿತ್ತು.

ನಿಘಂಟಿನ ಕಚೇರಿಯಲ್ಲಿ ಇನ್ನೂ ಮೊದಲ ಅಕ್ಷರದಲ್ಲೇ ತೆವಳುತ್ತಿದ್ದೇವೆ. ನನ್ನ ಪಾಲಿಗೆ ಬಂದದ್ದು ‘ಅಬ್ರಿಕೋಸ್’, ಅದೇ ಏಪ್ರಿಕಾಟ್ ಹಣ್ಣು. ನಮ್ಮ ಡಚ್ಚರಿಗೆ ಆ ಮಾತು ಬಂದದ್ದು ಫ್ರೆಂಚರಿಂದ, ಅವರಿಗೆ ಸ್ಪೇನಿನ ಕಡೆಯಿಂದ, ಅಲ್ಲಿಗೆ ಅರಬರಿಂದ, ಅರಬರಿಗೆ ಗ್ರೀಕರಿಂದ. ಬುಡದಲ್ಲಿರುವುದು ಲ್ಯಾಟಿನ್. ಪೀಚ್‌ಗಿಂತ ಮುಂಚೆ ಹಣ್ಣಾಗುತ್ತದೆಂದು ರೋಮನ್ನರು ಇಟ್ಟ ಹೆಸರು, ‘ಬೇಗ ಮಾಗಿದ್ದು’. ಚೀಟಿಯಲ್ಲಿ ಎಲ್ಲ ಬರೆದೆ, ಆ ಕೊನೆಯ ಎರಡು ಪದ ಬರೆಯಲಾಗಲಿಲ್ಲ ಮಗಳೇ. ಹನ್ನೆರಡು ವಾರ ಮೊದಲೇ ಬಂದು ಒಂದೇ ದಿನ ಇದ್ದುಹೋದ ನಿನ್ನ ಕೂಸು ಯೊರಿಟ್ ಕಣ್ಣಮುಂದೆ ಬಂದ.

ಎದುರು ಮೇಜಿನ ಸೀಬ್ರಂಡ್ ಛೇಡಿಸಿದ: "ಏನಮ್ಮಾ ಮಾಕ್ಟೆಲ್ಡ್, ಒಂದು ಹಣ್ಣಿಗೆ ಮೂರು ವಾರಾನಾ? ಹಿಂಗಾದ್ರೆ ಎರಡನೇ ಅಕ್ಷರ ಮುಟ್ಟೋದ್ರೊಳಗೆ ನಾವು ರಿಟೈರಾಗಿರ್ತೀವಿ!" ನಾನು ಅತ್ತೇಬಿಟ್ಟೆ. ಪಾಪ, ಗಾಬರಿಯಾಗಿ ತನ್ನ ಕಾಫಿಯನ್ನೇ ನನ್ನತ್ತ ತಳ್ಳಿ, "ಕೊಡಿಲ್ಲಿ, ನಾನ್ ಬರೀತೀನಿ" ಅಂದ. ಕೊಡಲಿಲ್ಲ. ನಾನೇ ಬರೆದೆ.

ಜೂನಿನಲ್ಲಿ ಬಂದಿದ್ದಾಗ ನೀನು ಪಾಯಿಖಾನೆಯಿಂದ ಹೊರಬಂದವಳೇ ಕೋಟು ತೊಟ್ಟೆ. "ಅಮ್ಮಾ, ಎಲ್ರ ಮನೆ ಹಾಗೆ ಒಳಗೆ ಗೋಡೆಗೆ ತೂಗಿರೋ ಹುಟ್ಟುಹಬ್ಬದ ಕ್ಯಾಲೆಂಡರಲ್ಲಿ ಪಕ್ಕದ್ಮನೆಯವಳ ನಾದಿನಿ ಹೆಸರೂ ಇದೆ. ನನ್ನ ಮಗು ಹುಟ್ಟೇ ಇಲ್ವಾ?" ಎಂದೆ. "ಸೂಪು ಆರೋಗುತ್ತೆ, ಕೂತ್ಕೊ" ಅಂದೆ ನಾನು. ಎಂಥ ಉತ್ತರ! ತೀರಿಕೊಂಡ ನಿಮ್ಮಪ್ಪನ ಹೆಸರೂ ಪಕ್ಕದಲ್ಲೊಂದು ಶಿಲುಬೆಯೊಂದಿಗೆ ಅಲ್ಲಿರುವಾಗ, ಅವನು ಹುಟ್ಟಿದ ಮಾರ್ಚ್ ಹದಿನಾಲ್ಕು ಖಾಲಿ ಇದ್ದದ್ದು ನಿನ್ನ ಎದೆ ಸೀಳಿರಬೇಕು. ನಾನು ಎಂಥ ಅಜ್ಜಿ ಎಂದು ನನಗೇ ನಾಚಿಕೆಯಾಗುತ್ತದೆ. ಈಗ ಅಲ್ಲಿ ಶಾಯಿಯಲ್ಲಿ ಯೊರಿಟ್‌ನ ಹೆಸರಿದೆ. ಬಂದು ನೋಡು. ನನ್ನನ್ನು ಬೈಯುವುದಕ್ಕಾದರೂ ಬಾ.

ದೇವರು ನಿನಗೆ ಶಕ್ತಿ ಕೊಡಲಿ, ನಿಮ್ಮಿಬ್ಬರಿಗೂ ಕಣ್ತುಂಬ ನಿದ್ದೆ ಬರಲಿ.

ನಿನ್ನ ಅಮ್ಮ,
ಮಾಕ್ಟೆಲ್ಡ್

ಮತ್ತೆ: ಒಂದು ಮಾತು ನಿನ್ನಿಂದ ಬಚ್ಚಿಟ್ಟಿದ್ದೇನೆ. ಅವನು ಹುಟ್ಟಿದ ಸುದ್ದಿಯ ಫೋನು ಇಟ್ಟ ಕೂಡಲೇ ಓಡಿಹೋಗಿ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದೆ. ನೀನು ಬರುವ ದಿನ ಬೆಳಿಗ್ಗೆ, ನಿನಗೆ ನೋವಾಗುತ್ತದೆಂದು ಹೆದರಿ, ರಬ್ಬರು ಹಿಡಿದು ನಾನೇ ಅಳಿಸಿದೆ. ಅಲ್ಲಿಯವರೆಗೆ ಮೂರು ತಿಂಗಳು ಅವನು ಈ ಮನೆಯಲ್ಲಿದ್ದ, ಫೆನ್ನಾ.